ಖಾರ ಹತ್ತಿದ ಟವೆಲ್ಲು

ಬ್ಯಾಡಗಿ ಬಸ್ ನಿಲ್ದಾಣದಲ್ಲಿ ಇಳಿದ ಕೂಡಲೇ ನನ್ನ ತಂಡದ ಹುಡುಗಿಯರೆಲ್ಲ ಒಬ್ಬರ ಹಿಂದೊಬ್ಬರು ಸೀನತೊಡಗಿದರು. ಹಾವೇರಿಯಿಂದ ಇದೇನು ದೂರದ ದಾರಿಯಲ್ಲ. ಆದರೂ ಫೆಬ್ರುವರಿ ತಿಂಗಳ ಬ್ಯಾಡಗಿಯ ಗಾಳಿಗೆ ಅವರ ಮೂಗು ಇನ್ನೂ ಪಳಗಿಲ್ಲ. "ಮೇಡಮ್, ಇಲ್ಲಿ ಮಂದಿ ಹೆಂಗ ಉಸಿರಾಡ್ತಾರ್ರಿ?" ಎಂದು ನಮ್ಮ ಗೋಲ್ ಕೀಪರ್ ಮೂಗು ಮುಚ್ಚಿಕೊಂಡೇ ಕೇಳಿದಳು. ನನಗೆ ಒಂದು ಸೀನೂ ಬರಲಿಲ್ಲ. ಈ ಊರಿನ ಮೆಣಸಿನಕಾಯಿ ರಾಶಿಗಳ ಪಕ್ಕದಲ್ಲೇ ಆಡಿ, ಓದಿ ದೊಡ್ಡವಳಾದವಳು ನಾನು. ಸೀನಿನ ಬದಲು ನನಗೆ ಬಂದದ್ದು ಒಂದು ಹಳೆಯ ನಾಚಿಕೆ.

ನಾನೀಗ ಹಾವೇರಿಯ ಒಂದು ಕಾಲೇಜಿನಲ್ಲಿ ದೈಹಿಕ ಶಿಕ್ಷಣದ ಮೇಡಮ್ಮು. ಹುಡುಗಿಯರಿಗೆ ಫುಟ್‌ಬಾಲ್ ಕಲಿಸುತ್ತೇನೆ. ಅವತ್ತು ಪಂದ್ಯ ಇದ್ದದ್ದು ನಾನು ಓದಿದ ಕಾಲೇಜಿನ ಮೈದಾನದಲ್ಲಿ. ಹೋಗಿ ನೋಡಿದರೆ ಗೋಡೆಯ ನೆರಳಿನಲ್ಲಿ ಒಂದು ಪ್ಲಾಸ್ಟಿಕ್ ಕುರ್ಚಿ, ಕುರ್ಚಿಯ ಮೇಲೆ ನಮ್ಮ ಹಾದಿಮನಿ ಸರ್. ನಿವೃತ್ತರಾಗಿ ಮೋಟೆಬೆನ್ನೂರಿನಲ್ಲಿದ್ದಾರೆ, ಮೊಣಕಾಲು ನೋವು, ಎಲ್ಲಿಗೂ ಹೋಗುವುದಿಲ್ಲ ಎಂದು ಕೇಳಿದ್ದೆ. ತಲೆಯ ಮೇಲೆ ಅದೇ ಬಿಳಿ ಟೋಪಿ. ಅಂಗಿಯ ಎಡಗಡೆ ಕಿಸೆಯಲ್ಲಿ ಹುರಿದ ಶೇಂಗಾ.

"ನಿನ್ನ ಟೀಮ್ ನೋಡಾಕ ಬಂದೇನಿ ತಂಗಿ. ನಿನ್ನ ನೋಡಾಕಲ್ಲ," ಎಂದರು. ಹನ್ನೆರಡು ವರ್ಷ ಕಳೆದರೂ ಮನುಷ್ಯ ಬದಲಾಗಿರಲಿಲ್ಲ.

ಶೇಂಗಾದ ಸಂಗತಿಯನ್ನು ಇಲ್ಲೇ ಹೇಳಿಬಿಡಬೇಕು. ಪಂದ್ಯ ನಡೆಯುವಾಗ ಸರ್ ಒಂದು ಮಾತೂ ಆಡುತ್ತಿರಲಿಲ್ಲ. ಬೇರೆ ಕಾಲೇಜಿನ ಕೋಚುಗಳು ಗಂಟಲು ಹರಿದುಕೊಂಡು ಗೆರೆಯುದ್ದಕ್ಕೂ ಓಡುತ್ತಿದ್ದರೆ ಇವರು ಕುಳಿತಲ್ಲೇ ಕುಳಿತು ಶೇಂಗಾ ತಿನ್ನುತ್ತಿದ್ದರು. ಸಿಪ್ಪೆಯನ್ನು ಮೈದಾನದಲ್ಲಿ ಚೆಲ್ಲದೆ ಬಲಗಡೆ ಕಿಸೆಗೆ ತುಂಬುತ್ತಿದ್ದರು. ಆ ಕಿಸೆ ಎಷ್ಟು ಉಬ್ಬಿದೆ ಎನ್ನುವುದರ ಮೇಲೆ ನಮ್ಮ ಆಟ ಎಷ್ಟು ಕೆಟ್ಟಿದೆ ಎಂದು ನಾವು ತಿಳಿಯುತ್ತಿದ್ದೆವು. "ಆಟದ ಹೊತ್ತಿನ್ಯಾಗ ನಾ ಕೂಗಿದ್ರ ನಿಮ್ಮ ಕಣ್ಣು ನನ್ನ ಕಡೆ ಹೊಳ್ಳತಾವು. ಕಲಿಸೋದೆಲ್ಲಾ ಮುಂಜಾನಿ ಆತು. ಈಗ ಅದು ನಿಮ್ಮ ಆಟ," ಎನ್ನುತ್ತಿದ್ದರು. ಬೆಳಗಾವಿಯಲ್ಲಿ ಆಟ ಕಲಿತು ಬಂದವರು. ಕಬಡ್ಡಿ, ಖೋಖೋ ಬಿಟ್ಟರೆ ಬೇರೆ ಗೊತ್ತಿಲ್ಲದ ನಮ್ಮ ಕಾಲೇಜಿನಲ್ಲಿ ಹುಡುಗಿಯರ ಕಾಲಿಗೆ ಚೆಂಡು ಕೊಟ್ಟವರು ಅವರೇ. ಊರಲ್ಲಿ ನಕ್ಕವರು ಬೇಕಾದಷ್ಟು ಮಂದಿ. ಸರ್ ಅವರನ್ನೆಲ್ಲ ಪಂದ್ಯ ನೋಡಲು ಕರೆಯುತ್ತಿದ್ದರು.

ನಾಯಕಿ ಎಂದರೆ ಅವರ ಲೆಕ್ಕವೇ ಬೇರೆ. ಚೆನ್ನಾಗಿ ಗೋಲ್ ಹೊಡೆಯುವವಳನ್ನು ಅವರು ಎಂದೂ ನಾಯಕಿ ಮಾಡಲಿಲ್ಲ. ನಾಯಕಿಯಾದವಳು ಇಡೀ ತಂಡದ ಬ್ಯಾಗು ಹೊರಬೇಕು. ಎಲ್ಲರೂ ಕುಡಿದ ಮೇಲೆ ನೀರು ಕುಡಿಯಬೇಕು. ಪಂದ್ಯ ಮುಗಿದ ಮೇಲೆ ಎಲ್ಲರೂ ನೆಲದ ಮೇಲೆ ದುಂಡಗೆ ಕೂರಬೇಕು, ಒಬ್ಬೊಬ್ಬರೇ ತಮ್ಮ ಒಂದು ತಪ್ಪು ಹೇಳಬೇಕು, ಮೊದಲು ಹೇಳಬೇಕಾದವಳು ನಾಯಕಿ. ಇನ್ನೊಬ್ಬರ ತಪ್ಪನ್ನು ಎತ್ತುವಂತಿಲ್ಲ. ನಾವು ಇದಕ್ಕೆ ಪಂಚಾಯ್ತಿ ಎಂದು ಹೆಸರಿಟ್ಟಿದ್ದೆವು. ಡಿಗ್ರಿಯ ಕೊನೆಯ ವರ್ಷ ಆ ಬ್ಯಾಗು ನನ್ನ ಹೆಗಲಿಗೆ ಬಂತು. ಖುಷಿಯೋ ಖುಷಿ. ರಾತ್ರಿ ತಲೆದಿಂಬಿನ ಪಕ್ಕ ಇಟ್ಟುಕೊಂಡು ಮಲಗಿದ್ದೆ ಎಂದರೆ ನಂಬಬೇಕು.

ನಮ್ಮ ಗೋಲ್ ಕೀಪರ್ ಶಬಾನಾ. ಅವಳ ಅಬ್ಬಾ ಮೆಣಸಿನಕಾಯಿ ಪೇಟೆಯಲ್ಲಿ ಚೀಲ ಹೊಲಿಯುತ್ತಿದ್ದರು. ನನ್ನ ಅವ್ವ ಅದೇ ಪೇಟೆಯಲ್ಲಿ ಮೆಣಸಿನಕಾಯಿಯ ತೊಟ್ಟು ಬಿಡಿಸುತ್ತಿದ್ದಳು. ನಾವಿಬ್ಬರೂ ಸಣ್ಣವರಿದ್ದಾಗಿನಿಂದ ಒಂದೇ ರಾಶಿಯ ಎರಡು ಬದಿ ಕುಳಿತು ಬೆಳೆದವರು. ಶಬಾನಾ ಎತ್ತರದ ಹುಡುಗಿ, ಮಾತು ಕಡಿಮೆ, ಕೈ ಉದ್ದ. ತಲೆಗೆ ಸ್ಕಾರ್ಫ್ ಬಿಗಿದು ಗೋಲಿನ ನಡುವೆ ನಿಂತರೆ ಚೆಂಡು ಹೊಡೆಯುವವರಿಗೆ ಜಾಗವೇ ಕಾಣುತ್ತಿರಲಿಲ್ಲ. ಆ ವರ್ಷ ಅವಳಿಗೊಂದು ಆಸೆ ಇತ್ತು. ವಿಶ್ವವಿದ್ಯಾಲಯದ ತಂಡಕ್ಕೆ ಆಯ್ಕೆಯಾದರೆ ಮುಂದೆಯೂ ಆಡಲು ಬಿಡುತ್ತೇನೆ, ಇಲ್ಲದಿದ್ದರೆ ಡಿಗ್ರಿಗೇ ಆಟ ಸಾಕು ಎಂದು ಅಬ್ಬಾ ಹೇಳಿದ್ದರು. ಆಯ್ಕೆ ಮಾಡುವವರು ಬರುತ್ತಿದ್ದದ್ದು ಹಾವೇರಿಯ ಪಂದ್ಯಕ್ಕೆ. ಅದಕ್ಕೆ ಎಂಟು ದಿನ ಮೊದಲು ರಾಣೆಬೆನ್ನೂರಿನಲ್ಲಿ ಒಂದು ಪಂದ್ಯ.

ಸೀಸನ್ನಿನಲ್ಲಿ ನಮ್ಮ ತಂಡದ ಅರ್ಧ ಹುಡುಗಿಯರು ನಸುಕಿಗೇ ಎದ್ದು ತೊಟ್ಟು ಬಿಡಿಸಲು ಹೋಗುವವರೇ. ಅದಕ್ಕೇ ಸರ್ ಒಂದು ನಿಯಮ ಮಾಡಿದ್ದರು. ಪಂದ್ಯದ ದಿನ ಯಾರೂ ಮೆಣಸಿನಕಾಯಿ ಮುಟ್ಟಬಾರದು. ಮುಟ್ಟಿದವರು ಮುಂದಿನ ಪಂದ್ಯಕ್ಕೆ ಹೊರಗೆ. ಖಾರ ಸೋಪಿಗೆ ಬಗ್ಗುವುದಿಲ್ಲ, ಎಣ್ಣೆ ಹಚ್ಚಿ ತಿಕ್ಕಿದರೂ ಉಗುರಿನ ಸಂದಿಯಲ್ಲಿ ಕುಳಿತುಕೊಂಡಿರುತ್ತದೆ. ಬೆವರು ಒರೆಸಿಕೊಂಡಾಗ ತನ್ನ ಬಣ್ಣ ತೋರಿಸುತ್ತದೆ.

ರಾಣೆಬೆನ್ನೂರಿನ ಪಂದ್ಯದ ದಿನ ಆ ನಿಯಮ ಮುರಿದವಳು ನಾನು, ನಾಯಕಿ.

ಅವ್ವನಿಗೆ ಹಿಂದಿನ ದಿನದಿಂದ ಜ್ವರ. ಅವಳ ಪಾಲಿಗೆ ಬಂದ ರಾಶಿ ಅರ್ಧಕ್ಕೆ ನಿಂತಿತ್ತು. ಬೆಳಿಗ್ಗೆ ಮುಗಿಸದಿದ್ದರೆ ಅದು ಬೇರೆಯವರ ಕೈಗೆ ಹೋಗುತ್ತಿತ್ತು. ಬ್ಯಾಗು ಹೆಗಲಿಗೆ ಹಾಕಿಕೊಂಡೇ ನಸುಕಿನಲ್ಲಿ ಪೇಟೆಗೆ ಹೋದೆ. ಮೂಗು ಬಾಯಿಗೆ ಬಟ್ಟೆ ಕಟ್ಟಿಕೊಂಡು ಕುಳಿತು ರಾಶಿ ಮುಗಿಸಿದೆ. ಕೈಗೆ ಎಣ್ಣೆ ಹಚ್ಚಿ, ಬೂದಿಯಲ್ಲಿ ತಿಕ್ಕಿ, ಮೂರು ಸಲ ತೊಳೆದೆ. ಕೈಯ ಬಗ್ಗೆ ಅಷ್ಟು ಕಾಳಜಿ ಮಾಡಿದವಳು ಮೂಗಿಗೆ ಕಟ್ಟಿದ ಬಟ್ಟೆಯನ್ನು ಮರೆತೆ. ರೈಲಿಗೆ ತಡವಾಯಿತೆಂದು ಅದನ್ನು ಬಿಚ್ಚಿ ಬ್ಯಾಗಿನಲ್ಲಿ ತುರುಕಿ ಓಡಿದೆ. ಬ್ಯಾಗಿನಲ್ಲಿ ಎಲ್ಲರ ಟವೆಲ್ಲುಗಳಿದ್ದವು. ಎಲ್ಲಕ್ಕಿಂತ ಮೇಲೆ ಇದ್ದದ್ದು ಶಬಾನಾಳದು, ಅವಳ ಅಮ್ಮೀ ಅಂಚಿಗೆ ಹಸಿರು ದಾರದಲ್ಲಿ ಹೂವು ಹಾಕಿಕೊಟ್ಟ ಬಿಳಿ ಟವೆಲ್ಲು.

ಪಂದ್ಯ ಮುಗಿಯಲು ಐದು ನಿಮಿಷ ಇತ್ತು. ಎರಡೂ ಕಡೆ ಗೋಲಿಲ್ಲ. ಅವರಿಗೆ ಕಾರ್ನರ್ ಸಿಕ್ಕಿತು. ಬಿಸಿಲು ಹೇಗಿತ್ತೆಂದರೆ ನೆಲದ ಕಾವು ಬೂಟಿನೊಳಗೆ ಬರುತ್ತಿತ್ತು. ಶಬಾನಾ ಗೋಲ್ ಕಂಬದ ಬುಡದಲ್ಲಿಟ್ಟು ಅಲ್ಲಿಯ ತನಕ ಮುಟ್ಟದಿದ್ದ ಟವೆಲ್ಲು ತೆಗೆದು ಅವಸರದಲ್ಲಿ ಮುಖ ಒರೆಸಿಕೊಂಡಳು. ಚೆಂಡು ಮೇಲಿಂದ ಬಂತು. ಅವಳ ಎರಡೂ ಕೈ ಚೆಂಡಿಗೆ ಹೋಗುವ ಬದಲು ಕಣ್ಣಿಗೆ ಹೋದವು. ಎದುರಿನ ತಂಡದ ಯಾರೋ ಸುಮ್ಮನೆ ತಲೆ ಕೊಟ್ಟರು, ಗೋಲಾಯಿತು. ಶಬಾನಾ ಮಂಡಿಯೂರಿ ಕುಳಿತು ಕಣ್ಣು ಉಜ್ಜುತ್ತಿದ್ದಳು. ಉಜ್ಜಿದಷ್ಟೂ ಉರಿ ಹೆಚ್ಚು. ಸರ್ ಹತ್ತಿರದ ಚಹಾದಂಗಡಿಯಿಂದ ತಣ್ಣನೆಯ ಹಾಲು ತರಿಸಿ ಬಟ್ಟೆಯಲ್ಲಿ ಅದ್ದಿ ಅವಳ ಕಣ್ಣಿನ ಮೇಲೆ ಇಟ್ಟರು, ತಾವೇ ಹಿಡಿದುಕೊಂಡು ಕುಳಿತರು. ಪಂದ್ಯ ಸೋತಿದ್ದೆವು.

ಖಾರ ಎಂದು ಎಲ್ಲರಿಗೂ ಗೊತ್ತಾಯಿತು. ಬ್ಯಾಡಗಿಯ ಹುಡುಗಿಯರಿಗೆ ಅದನ್ನು ಹೇಳಿಕೊಡಬೇಕೇ? ಎಲ್ಲಿಂದ ಬಂತು ಎನ್ನುವುದೇ ಪ್ರಶ್ನೆ. ಪಂಚಾಯ್ತಿಗೆ ಕುಳಿತಾಗ ನಾನು ಬ್ಯಾಗಿನ ಬಾಯಿ ತೆಗೆದಿದ್ದೆ. ಒಳಗೆ ನನ್ನ ಮೂಗಿನ ಬಟ್ಟೆ, ಅದರ ಸುತ್ತ ಹಳದಿ ಬೀಜಗಳು. ಎಲ್ಲರೂ ನನ್ನ ಬಾಯಿ ನೋಡುತ್ತಿದ್ದರು.

"ಸೆಕೆಂಡ್ ಹಾಫ್‌ನ್ಯಾಗ ನನ್ನ ಪಾಸ್ ಸರಿ ಆಗ್ಲಿಲ್ರಿ ಸರ್," ಎಂದೆ.

ಇಂದಿಗೂ ಆ ವಾಕ್ಯ ನೆನಪಾದರೆ ನನಗೆ ನನ್ನ ಮೇಲೇ ಅಸಹ್ಯ. ಪಾಸ್ ಸರಿಯಾಗಲಿಲ್ಲವಂತೆ! ಸರ್ ನನ್ನನ್ನು ಒಂದು ಗಳಿಗೆ ನೋಡಿ, ಮುಂದಿನವಳ ಕಡೆ ತಿರುಗಿದರು. ಕೊನೆಗೆ ಶಬಾನಾಳ ಸರದಿ ಬಂತು. ಕಣ್ಣು ಕೆಂಡವಾಗಿದ್ದವು.

"ಅಬ್ಬಾನ ಕಡೆ ಬುತ್ತಿ ಕೊಡಾಕ ಪೇಟಿಗೆ ಹೋಗಿದ್ದೆ ಸರ್. ನಾ ಏನೂ ಮುಟ್ಟಿಲ್ರಿ. ಚೀಲಕ್ಕ ಕೈ ತಾಗಿತ್ತೇನೋ... ನಂದ ತಪ್ಪಿರಬೇಕ್ರಿ."

ನಿಯಮ ನಿಯಮವೇ. ಹಾವೇರಿಯ ಪಂದ್ಯಕ್ಕೆ ಶಬಾನಾ ಹೊರಗೆ ಎಂದಾಯಿತು. ಅವಳು ಅಳಲಿಲ್ಲ. ನನಗೆ ಅವಳು ಅತ್ತಿದ್ದರೇ ಚೆನ್ನಾಗಿತ್ತು. ವಾಪಸ್ ಬರುವಾಗ ರೈಲಿನಲ್ಲಿ ಸರ್ ನನ್ನ ಪಕ್ಕ ಬಂದು, ಮಡಚಿದ ಆ ಬಿಳಿ ಟವೆಲ್ಲನ್ನು ನನ್ನ ತೊಡೆಯ ಮೇಲಿಟ್ಟರು. "ಇದನ್ನ ತೊಳದು ಕೊಡು ಆಕಿಗೆ," ಎಂದಷ್ಟೇ ಹೇಳಿ ಹೋದರು. ಅವರಿಗೆ ಗೊತ್ತಿದೆಯೋ ಇಲ್ಲವೋ? ಬ್ಯಾಡಗಿ ಬರುವ ತನಕ ನಾನು ಕಿಟಕಿಯ ಕಡೆಯೇ ಮುಖ ಮಾಡಿ ಕುಳಿತೆ.

ಆ ಎಂಟು ದಿನಗಳನ್ನು ಹೇಗೆ ಹೇಳಲಿ? ಟವೆಲ್ಲನ್ನು ದಿನಾ ತೊಳೆದೆ. ಒಣಗಿದ ಮೇಲೆ ಮೂಗಿಗೆ ಹಿಡಿದರೆ ಅದೇ ಘಾಟು. ಖರೇನೇ ಇತ್ತೋ, ನನ್ನ ಮೂಗಿನಲ್ಲಷ್ಟೇ ಇತ್ತೋ ತಿಳಿಯದು. ದಿನಾ ಬೆಳಿಗ್ಗೆ ಇವತ್ತು ಹೇಳಿಬಿಡೋಣ ಎಂದುಕೊಂಡು ಮೈದಾನಕ್ಕೆ ಹೋಗುತ್ತಿದ್ದೆ. ಹೇಳಿದರೆ ಬ್ಯಾಗು ಹೋಗುತ್ತದೆ, ಹಾವೇರಿಯ ಪಂದ್ಯ ಹೋಗುತ್ತದೆ, ಹುಡುಗಿಯರ ಮುಂದೆ ಮಾನ ಹೋಗುತ್ತದೆ. ಜ್ವರದ ಅವ್ವನ ಸಲುವಾಗಿ ಹೋದದ್ದು ತಾನೇ ಎಂದು ನನಗೆ ನಾನೇ ವಕೀಲಿ ಮಾಡಿಕೊಂಡೆ. ಶಬಾನಾ ಮಾತ್ರ ತಪ್ಪದೇ ಅಭ್ಯಾಸಕ್ಕೆ ಬರುತ್ತಿದ್ದಳು. ಗೋಲಿನ ಹಿಂದೆ ನಿಂತು, ಆಚೆ ಹೋದ ಚೆಂಡುಗಳನ್ನು ಹೆಕ್ಕಿ ತಂದು ತನ್ನ ಜಾಗದಲ್ಲಿ ನಿಂತ ಹೊಸ ಹುಡುಗಿಗೆ ಕೊಡುತ್ತಿದ್ದಳು. "ಎಡಕ್ಕ ಒಂದ್ ಹೆಜ್ಜಿ ನಿಂದ್ರವಾ," ಎಂದು ಆ ಹುಡುಗಿಗೆ ಹೇಳಿಕೊಡುತ್ತಿದ್ದಳು.

ಸರ್ ಆ ದಿನಗಳಲ್ಲಿ ಒಂದೇ ಒಂದು ಸಲ ಮಾತು ತೆಗೆದರು, ಅದೂ ಎಲ್ಲರನ್ನೂ ಕೂರಿಸಿಕೊಂಡು. "ಚೆಂಡು ಕಾಲಾಗ ಇದ್ದಾಗ ಎಲ್ಲಾರೂ ಶಾಣ್ಯಾರ ಕಾಣ್ತಾರ. ಮೈದಾನದ ಆ ಕಡೆ ಚೆಂಡು ಇದ್ದಾಗ ಈ ಕಡೆ ನೀವ್ ಏನ್ ಮಾಡಾಕತ್ತೀರಿ, ನಾ ಅದನ್ನ ನೋಡೋ ಮನಶ್ಯಾ," ಎಂದರು. ನನ್ನ ಕಡೆ ನೋಡಲಿಲ್ಲ. ನನಗೆ ಕಿವಿ ಬಿಸಿಯಾಯಿತು.

ಹಾವೇರಿಗೆ ಹೋಗುವ ಬೆಳಿಗ್ಗೆ ನಾವೆಲ್ಲ ಸ್ಟೇಷನ್ನಿನಲ್ಲಿ ರೈಲು ಕಾಯುತ್ತಿದ್ದೆವು. ಆಡುವುದಿಲ್ಲ ಎಂದು ಗೊತ್ತಿದ್ದೂ ಶಬಾನಾ ಬಂದಿದ್ದಳು. ದೂರದ ಕಲ್ಲುಬೆಂಚಿನ ಮೇಲೆ ಒಬ್ಬಳೇ ಕುಳಿತಿದ್ದಳು. ಯಾರೂ ನೋಡುತ್ತಿಲ್ಲ ಎಂದುಕೊಂಡು ತನ್ನ ಬೆರಳುಗಳನ್ನು ಒಂದೊಂದಾಗಿ ಮೂಗಿಗೆ ಹಿಡಿದು ಮೂಸಿ ನೋಡಿದಳು. ಎದ್ದು ಹೋಗಿ ನಲ್ಲಿಯ ಕೆಳಗೆ ಕೈ ತಿಕ್ಕಿ ತೊಳೆದಳು. ಬಂದು ಕುಳಿತು ಮತ್ತೆ ಮೂಸಿದಳು. ನನ್ನ ಸುಳ್ಳು ಅವಳ ಆಟವನ್ನಷ್ಟೇ ಕಿತ್ತುಕೊಂಡಿದೆ ಎಂದುಕೊಂಡಿದ್ದೆ. ಅವಳಿಗೆ ತನ್ನ ಕೈಗಳ ಮೇಲಿನ ನಂಬಿಕೆಯೇ ಹೋಗಿತ್ತು. ಗೋಲ್ ಕೀಪರಿಗೆ ಕೈ ಬಿಟ್ಟರೆ ಇನ್ನೇನಿದೆ?

ನಾನು ಹೋಗಿ ಸರ್ ಮುಂದೆ ಬ್ಯಾಗು ಇಳಿಸಿದೆ. ಎಲ್ಲರೂ ಕೇಳುವ ಹಾಗೆ ಹೇಳಿದೆ.

"ಸರ್, ಅವತ್ತ ಮುಂಜಾನಿ ಪೇಟಿಗೆ ಹೋದಾಕಿ ನಾನ್ರಿ. ನನ್ನ ಮೂಗಿನ ಬಟ್ಟಿ ಬ್ಯಾಗಿನ್ಯಾಗ ಹಾಕಿದ್ದೆ. ಅದರದ ಖಾರ ಟವೆಲ್ಲಿಗೆ ಹತ್ತೇತಿ. ಶಬಾನಾನ ತಪ್ಪು ಏನೂ ಇಲ್ರಿ."

ಸರ್ ಬೈಯುತ್ತಾರೆ ಎಂದುಕೊಂಡಿದ್ದೆ, ಬೈದಿದ್ದರೆ ಹಗುರವಾಗುತ್ತಿತ್ತು. ಅವರು ಬ್ಯಾಗನ್ನು ಎತ್ತಿ ಶಬಾನಾಳ ಕೈಗೆ ಕೊಟ್ಟರು. "ಇವತ್ತ ಕ್ಯಾಪ್ಟನ್ ನೀನ," ಎಂದರು. ಶಬಾನಾ ಬ್ಯಾಗು ಹೆಗಲಿಗೇರಿಸಿಕೊಂಡು ನನ್ನ ಹತ್ತಿರ ಬಂದು, "ಮೊದಲ ಹೇಳಾಕ ಆಗ್ತಿರ್ಲಿಲ್ಲೇನ ರೇಣಿ?" ಎಂದಳು. ಸಿಟ್ಟಿನಿಂದಲ್ಲ, ನಿಜವಾಗಿ ತಿಳಿಯಲೆಂದು ಕೇಳಿದ ಹಾಗಿತ್ತು. ಅಷ್ಟರಲ್ಲಿ ರೈಲು ಬಂತು.

ಹಾವೇರಿಯಲ್ಲಿ ನಾನು ಗೆರೆಯ ಆಚೆ ಸರ್ ಪಕ್ಕ ಕುಳಿತೆ. ಶಬಾನಾ ಅವತ್ತು ಆಡಿದ ಆಟವನ್ನು ನಾನು ಬೇರೆ ಯಾರಲ್ಲೂ ನೋಡಿಲ್ಲ. ಒಂದು ಚೆಂಡನ್ನಂತೂ ಉದ್ದಕ್ಕೂ ಹಾರಿ ಬೆರಳ ತುದಿಯಿಂದ ಕಂಬದ ಆಚೆ ತಳ್ಳಿದಳು, ನಾನು ಕೂಗಿ ಎದ್ದುನಿಂತೆ. ಒಂದು ಗೋಲಿನಿಂದ ಗೆದ್ದೆವು. ಆಟದ ನಡುವೆ ಧೈರ್ಯ ಮಾಡಿ ಕೇಳಿದ್ದೆ, "ಸರ್, ನಿಮಗ ಮೊದಲ ಗೊತ್ತಿತ್ತೇನ್ರಿ?" ಸರ್ ನನ್ನ ಅಂಗೈಯಲ್ಲಿ ಒಂದು ಹಿಡಿ ಶೇಂಗಾ ಸುರಿದರು. "ಆಟ ನೋಡು," ಎಂದರು. ಶಬಾನಾ ಆಯ್ಕೆಯಾದಳು. ಆ ಆಟದ ಸರ್ಟಿಫಿಕೇಟು ಮುಂದೆ ಅವಳ ಕೈ ಹಿಡಿಯಿತು, ಪೊಲೀಸ್ ಇಲಾಖೆ ಸೇರಿದಳು. ಈಗ ರಾಣೆಬೆನ್ನೂರಿನಲ್ಲಿದ್ದಾಳೆ.

ನಾನೂ ಕೋಚ್ ಆದೆ. ಬ್ಯಾಗು, ನೀರು, ಪಂಚಾಯ್ತಿ ಎಲ್ಲವನ್ನೂ ಸರ್ ಹಾಗೆಯೇ ನಡೆಸಿಕೊಂಡು ಬಂದೆ. ಆದರೆ ಒಂದು ಮಾತು ಒಳಗೆ ಕುಟುಕುತ್ತಲೇ ಇತ್ತು. ಅವರಿಗೆ ಗೊತ್ತಿದ್ದರೆ ಸುಮ್ಮನಿದ್ದದ್ದೇಕೆ? ನನ್ನ ಬಾಯಿಂದಲೇ ಬರಲಿ ಎಂದು ಕಾದರು, ಸರಿ. ಅವರು ಕಾಯುವ ತನಕ ಬಿಸಿಲಲ್ಲಿ ನಿಂತವಳು ಯಾರು? ನನ್ನನ್ನು ತಿದ್ದಲು ಅವಳ ಎಂಟು ದಿನ ಯಾಕೆ ಬೇಕಿತ್ತು? ಅವರ ಮೇಲಿನ ಗೌರವದ ಪಕ್ಕದಲ್ಲೇ ಈ ಸಿಟ್ಟನ್ನೂ ಇಟ್ಟುಕೊಂಡು ಬಂದಿದ್ದೆ.

ಅವತ್ತು ಬ್ಯಾಡಗಿಯಲ್ಲಿ ನನ್ನ ಹುಡುಗಿಯರು ಎರಡು ಗೋಲಿನಿಂದ ಸೋತರು. ಸರ್ ಅವರ ಬಲಗಡೆ ಕಿಸೆ ಚೆನ್ನಾಗಿಯೇ ಉಬ್ಬಿತ್ತು. ನಾವು ದುಂಡಗೆ ಕುಳಿತಾಗ ಅವರೂ ಕುರ್ಚಿ ಬಿಟ್ಟು ಎದ್ದರು. ಬೇಡವೆಂದರೂ ಕೇಳದೆ, ಇಬ್ಬರು ಹುಡುಗಿಯರ ಭುಜ ಹಿಡಿದು ನಿಧಾನವಾಗಿ ನೆಲಕ್ಕೆ ಕುಳಿತರು. ನಮ್ಮ ನಾಯಕಿ ಬಾಯಿ ತೆಗೆಯುವಷ್ಟರಲ್ಲಿ ಕೈ ಎತ್ತಿ ತಡೆದರು.

"ಇವತ್ತ ನಂದ ಮೊದಲ. ನಾ ಇಷ್ಟ್ ವರ್ಷ ಎಲ್ಲಾರ ತಪ್ಪು ಕೇಳಿದೆ. ನಂದು ಒಂದೂ ಹೇಳ್ಲಿಲ್ಲ," ಎಂದರು. ಆಮೇಲೆ ನನ್ನ ಹೆಸರು ಹೇಳದೆ ಇಡೀ ಕಥೆ ಹೇಳಿದರು. ರಾಣೆಬೆನ್ನೂರಿನಲ್ಲಿ ಬ್ಯಾಗಿನೊಳಗಿನ ಬೀಜಗಳನ್ನು ತಾವೂ ನೋಡಿದ್ದು, ತಿಳಿದೂ ಸುಮ್ಮನಿದ್ದದ್ದು. "ಒಬ್ಬಾಕಿ ಖರೇ ಹೇಳ್ಲಿ ಅಂತ ಕಾದೆ. ಅದು ಬರೋಬ್ಬರಿ ಅಂತ ತಿಳಕೊಂಡಿದ್ದೆ. ತಪ್ಪಿಲ್ಲದಾಕಿನ್ನ ಎಂಟ್ ದಿನ ಹೊರಗ ನಿಂದ್ರಿಸಿದೆ. ಆ ಕ್ಯಾಪ್ಟನ್ ಹೇಳದ ಇದ್ದಿದ್ರ ಕಡೀ ಗಳಿಗಿಗೆ ನಾನರೆ ಹೇಳ್ತಿದ್ನೋ ಇಲ್ಲೋ, ಖರೇನ ಗೊತ್ತಿಲ್ಲ. ಅದು ನನ್ನ ತಪ್ಪು."

ನನಗೆ ಕಣ್ಣು ತುಂಬಿ ಬಂತು. ಹನ್ನೆರಡು ವರ್ಷದ ಸಿಟ್ಟು ಎಲ್ಲಿ ಹೋಯಿತೋ. ಹುಡುಗಿಯರು ಮಿಕಿಮಿಕಿ ನೋಡುತ್ತಿದ್ದರು. "ಆ ಕ್ಯಾಪ್ಟನ್ ನಾನ," ಎಂದು ಅವರಿಗೆ ಹೇಳಿದೆ. ಹೇಳುವುದು ಈಗಲೂ ಸುಲಭವಾಗಿರಲಿಲ್ಲ.

"ಶಬಾನಾನ ನಂಬರ್ ಐತೇನು?" ಎಂದರು ಸರ್.

ಫೋನು ಹಚ್ಚಿ, ಸ್ಪೀಕರ್ ಹಾಕಿ ಕೊಟ್ಟೆ. ಆ ಕಡೆ ಗಾಡಿಗಳ ಹಾರ್ನು, ಸೀಟಿಯ ಸದ್ದು. ಸರ್ ಇದ್ದದ್ದನ್ನು ಇದ್ದ ಹಾಗೆ ಅವಳಿಗೂ ಹೇಳಿದರು. ಆಮೇಲೆ ಶಬಾನಾಳ ದನಿ ಬಂತು. "ಭಾಳ ದಿನ ತಗೊಂಡ್ರಿ ಸರ್. ಆದ್ರೂ ಹೇಳಿದ್ರೆಲ್ಲ, ಸಾಕ್ರಿ." ಆಮೇಲೆ, "ರೇಣಿ ಅಲ್ಲೇ ಅದಾಳೇನ್ರಿ? ಕೊಡ್ರಿ ಆಕಿಗೆ."

ಫೋನು ತೆಗೆದುಕೊಂಡೆ. ಅಂದು ಸ್ಟೇಷನ್ನಿನಲ್ಲಿ ತಪ್ಪನ್ನು ಸರ್‌ಗೆ ಹೇಳಿದ್ದೆನೇ ಹೊರತು ಅವಳಿಗೆ ಹೇಳಿರಲಿಲ್ಲ. ಈಗಲಾದರೂ ಹೇಳಬೇಕೆಂದು ಬಾಯಿ ತೆರೆದೆ. "ಶಬಾನಾ, ನಂದು ತಪ್ಪಾತು," ಎಂದೆ.

"ಅದಿರ್ಲಿ," ಎಂದಳು ಅವಳು. "ನಮ್ಮ ಅಮ್ಮೀ ಹೂವು ಹಾಕಿದ ಟವೆಲ್ ಎಲ್ಲೈತಿ?"

ನನ್ನ ಮನೆಯ ಕಪಾಟಿನಲ್ಲೇ ಇದೆ, ಮಡಚಿಟ್ಟ ಹಾಗೆಯೇ. ಘಾಟು ಹೋದ ಮೇಲೆ ಕೊಡೋಣ ಎಂದು ಅಂದಿನಿಂದ ಇಟ್ಟುಕೊಂಡಿದ್ದೇನೆ. ಹಾಗೆಂದು ಹೇಳಿದೆ.

"ಹೋಗ್ಲಿಲ್ಲಂದ್ರ ಹಂಗ ತೊಗೊಂಡು ಬಾ," ಎಂದಳು. "ಬರೋ ಆಯ್ತವಾರ ನನಗ ಡ್ಯೂಟಿ ಇಲ್ಲ."